ಗ್ರಾಹಕರ ಲೆಕ್ಕಕ್ಕೆ ಸಿಆರ್‌ಎಂ, ಸ್ಪ್ರೆಡ್‌ಶೀಟ್, ಎಸ್‌ಕ್ಯೂಲೈಟ್: ಮೂರನ್ನೂ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ಗೆ. ಕೋಡಿಂಗನ್ನೂ ವ್ಯವಹಾರವನ್ನೂ ಮಾಡುತ್ತಾ ಮಾಡುತ್ತಾ ಕಲಿತವನು ನಾನು. ಬೆಳಿಗ್ಗೆ ಕೋಡ್ ಬರೆಯುವವನೂ ನಾನೇ, ಮಧ್ಯಾಹ್ನ ಹೊಸ ಗ್ರಾಹಕರಿಗೆ ಫೋನ್ ಮಾಡುವವನೂ ನಾನೇ. ಯಾರಿಗೆ ಏನು ಮಾತು ಕೊಟ್ಟಿದ್ದೇನೆ, ಅದರಲ್ಲಿ ಎಷ್ಟು ಮುಗಿದಿದೆ ಎನ್ನುವುದು ನನಗೆ ಒಂದೇ ಕಡೆ ಕಾಣಬೇಕು.

ಗ್ರಾಹಕರ ವಿವರ, ಮಾತುಕತೆಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ಎಂದು ವರ್ಷದ ಚಂದಾ ಕಟ್ಟಿ ತೆಗೆದುಕೊಂಡ ಸಿಆರ್‌ಎಂನಲ್ಲಿ ಅದು ಕಾಣಲಿಲ್ಲ. ಮೇಲ್‌ಗಳನ್ನು ತಾನೇ ಜೋಡಿಸಿಕೊಳ್ಳುತ್ತಿತ್ತು, ಅಷ್ಟು ಚೆನ್ನ. ಆದರೆ ಸೇಲ್ಸ್ ತಂಡದ ಮೇಲೆ ಮ್ಯಾನೇಜರ್ ಕಣ್ಣಿಡಲೆಂದು ಮಾಡಿದ ಸಾಧನ ಅದು. ಡೀಲ್ ಗೆದ್ದಾಯಿತೆಂದು ಗುರುತು ಹಾಕಿದರೆ ಅದರ ಪಾಲಿಗೆ ಎಲ್ಲ ಮುಗಿಯಿತು. ನನ್ನ ಅರ್ಧ ಕೆಲಸ ಶುರುವಾಗುವುದೇ ಅಲ್ಲಿಂದ.

ಸ್ಪ್ರೆಡ್‌ಶೀಟ್ ಹತ್ತು ನಿಮಿಷದಲ್ಲಿ ಸಿದ್ಧ. ಕಾಟ ಕೊಟ್ಟದ್ದು ತಾರೀಖು. ಮಾರ್ಚ್ 5ಕ್ಕೆ ಮತ್ತೆ ಫೋನ್ ಮಾಡಬೇಕೆಂದು 05/03/2025 ಎಂದು ಬರೆದರೆ, ತಿಂಗಳನ್ನು ಮೊದಲು ಓದುವ ಅಮೆರಿಕದ ಲೊಕೇಲ್ (ದೇಶದ ರೂಢಿಯ ಸೆಟ್ಟಿಂಗ್) ಇರುವ ಶೀಟ್ ಅದನ್ನು ಮೇ 3 ಎಂದು ಓದುತ್ತದೆ. 13/03/2025 ಎಂದು ಬರೆದರೆ, ಹದಿಮೂರನೇ ತಿಂಗಳು ಇಲ್ಲವಲ್ಲ, ಅದನ್ನು ಬರಿಯ ಪಠ್ಯವಾಗಿ ಇಟ್ಟುಕೊಳ್ಳುತ್ತದೆ. ಒಂದೇ ಕಾಲಂನಲ್ಲಿ ಕೆಲವು ತಾರೀಖು ತಿರುಗುಮುರುಗು, ಕೆಲವು ತಾರೀಖೇ ಅಲ್ಲ. ಎರರ್ ಎಲ್ಲೂ ಬರುವುದಿಲ್ಲ. ಕಣ್ಣಿಗೆ ಸಿಗುವ ಸುಳಿವು ಒಂದೇ: ನಿಜವಾದ ತಾರೀಖು ಸೆಲ್‌ನ ಬಲಕ್ಕೆ ನಿಲ್ಲುತ್ತದೆ, ಪಠ್ಯ ಎಡಕ್ಕೆ.

ಆಮೇಲೆ ಲೊಕೇಲ್ ಬದಲಿಸಿದರೂ ಪ್ರಯೋಜನವಿಲ್ಲ. ತಾರೀಖು ಒಳಗೆ ಒಂದು ಸಂಖ್ಯೆಯಾಗಿ ಕೂತಿರುತ್ತದೆ. ಲೊಕೇಲ್ ಬದಲಾದರೆ ಬದಲಾಗುವುದು ತೋರಿಕೆ ಮಾತ್ರ, ಮೇ 3 ಮೇ 3 ಆಗಿಯೇ ಉಳಿಯುತ್ತದೆ. ಮಾರ್ಚ್‌ನಲ್ಲಿ ನನ್ನ ಫೋನಿಗೆ ಕಾದ ಗ್ರಾಹಕರು ಮೇ ತನಕ ಕಾಯುತ್ತಾರೆಯೇ?

ಎಸ್‌ಕ್ಯೂಲೈಟ್‌ನಲ್ಲಿ ತಾರೀಖಿಗೆಂದು ಪ್ರತ್ಯೇಕ ಡೇಟಾ ಟೈಪೇ ಇಲ್ಲ. ಕೇಳಿದರೆ ಕೊರತೆ ಅನ್ನಿಸುತ್ತದೆ, ನನಗೆ ಅದೇ ಅನುಕೂಲವಾಯಿತು. ತಾರೀಖು ಬರೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8601 ಕ್ರಮದಲ್ಲಿ 2025-03-05 ಎಂದು ಪಠ್ಯವಾಗಿಯೇ ಇಡುತ್ತೇನೆ. ವರ್ಷ ಮೊದಲು ಬರುವುದರಿಂದ ಅಕ್ಷರಕ್ರಮವೇ ಕಾಲಕ್ರಮವಾಗುತ್ತದೆ. ಟೇಬಲ್ಲಿಗೆ ಒಂದು ಚೆಕ್ ನಿರ್ಬಂಧ ಹಾಕಿದ್ದೇನೆ. ಬೇರೆ ರೂಪದಲ್ಲಿ ಬರೆದರೆ ಸಾಲನ್ನು ಒಳಗೇ ಬಿಡುವುದಿಲ್ಲ. ಕೊಟ್ಟ ಮಾತುಗಳಿಗೆ ಒಂದು ಟೇಬಲ್, ಮುಗಿಸಿದ ಕೆಲಸಕ್ಕೆ ಇನ್ನೊಂದು. ಎರಡನ್ನೂ ಜೋಡಿಸುವ ಒಂದು ಜಾಯಿನ್ ಹಾಕಿದರೆ ಬಾಕಿ ಉಳಿದದ್ದೆಲ್ಲ ಎದುರಿಗೆ.

ಸರ್ವರ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲು. ಮೊಬೈಲಿನಿಂದ ಬರೆಯಲು ಮಾತ್ರ ಕಷ್ಟ.

ದಿನವಿಡೀ ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ತೆರೆದೇ ಇರುವ ನನಗೆ ಇದು ಒಗ್ಗುತ್ತದೆ. ಆದಾಯ ಒಂದು ತಿಂಗಳಿದ್ದಂತೆ ಇನ್ನೊಂದು ತಿಂಗಳು ಇರುವುದಿಲ್ಲ, ಹಾಗಾಗಿ ಚಂದಾ ಇಲ್ಲದಿರುವುದೂ ದೊಡ್ಡ ನೆಮ್ಮದಿ. ಡೇಟಾಬೇಸ್‌ನೊಂದಿಗೆ ಮಾತಾಡುವ ಭಾಷೆಯಾದ ಎಸ್‌ಕ್ಯೂಎಲ್ ಬರೆಯಲು ಮನಸ್ಸಿಲ್ಲದವರು ಸ್ಪ್ರೆಡ್‌ಶೀಟನ್ನೇ ಇಟ್ಟುಕೊಳ್ಳಿ, ತಾರೀಖಿನಲ್ಲಿ ಮಾತ್ರ ವರ್ಷವನ್ನು ಮೊದಲು ಬರೆಯಿರಿ. ಮಾರಾಟಕ್ಕೆಂದೇ ಇನ್ನಿಬ್ಬರು ಸೇರಿಕೊಂಡ ದಿನ ಸಿಆರ್‌ಎಂ ಬಗ್ಗೆ ಮತ್ತೆ ಯೋಚಿಸುತ್ತೇನೆ; ಎಸ್‌ಕ್ಯೂಲೈಟ್ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಬರೆಯಲು ಬಿಡುತ್ತದೆ.