ಬೆಟ್ಟದ ಹೆಸರು ಹೇಳುವ ಆಫ್‌ಲೈನ್ ಆ್ಯಪ್: ಪಿಎನ್‌ಜಿ ಟೈಲಾ, ಎಚ್‌ಜಿಟಿ ಫೈಲಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಎಚ್‌ಜಿಟಿ ಫೈಲಿಗೆ. ಮುಳ್ಳಯ್ಯನಗಿರಿ ಮೇಲೆ ನಿಂತು ಫೋನ್ ಹಿಡಿದರೆ ಎದುರಿಗಿರುವ ಬೆಟ್ಟ ಯಾವುದು ಅಂತ ಬ್ರೌಸರ್‌ನಲ್ಲೇ ಕಾಣಬೇಕು, ನೆಟ್‌ವರ್ಕ್ ಇರಲಿ ಬಿಡಲಿ. ಅದಕ್ಕೆ ನೆಲದ ಎತ್ತರದ ಡೇಟಾ ಫೋನಿನೊಳಗೇ ಇರಬೇಕಲ್ವಾ, ಅದನ್ನಿಡುವ ಎರಡೂ ದಾರಿ ಕಟ್ಟಿ ನೋಡಿದೆ: ಎತ್ತರವನ್ನು ಬಣ್ಣವಾಗಿ ಅಡಗಿಸಿಟ್ಟ ಚಿತ್ರದ ತುಂಡುಗಳು (ಪಿಎನ್‌ಜಿ ಟೈಲ್), ಎತ್ತರದ ಅಂಕಿಗಳನ್ನೇ ತುಂಬಿದ ಫೈಲ್ (ಎಚ್‌ಜಿಟಿ).

ಪಿಎನ್‌ಜಿ ಟೈಲ್ ಶುರುವಿನಲ್ಲಿ ಸಲೀಸು. ಫೈಲ್ ಚಿಕ್ಕದು, ಬ್ರೌಸರ್‌ನ ಹಿನ್ನೆಲೆಯಲ್ಲಿ ಓಡುವ ಸರ್ವಿಸ್ ವರ್ಕರ್ ಅದನ್ನು ಸುಮ್ನೆ ಕ್ಯಾಶ್ ಮಾಡಿ ಫೋನಿನಲ್ಲೇ ಇಟ್ಟುಕೊಳ್ಳುತ್ತದೆ. ಟೆರೇನ್-ಆರ್‌ಜಿಬಿ ಅನ್ನುವ ಬಗೆಯ ಟೈಲಿನಲ್ಲಿ ಪಿಕ್ಸೆಲ್ ಬಣ್ಣವೇ ಎತ್ತರ. ಕೆಂಪನ್ನು 65536ರಿಂದ, ಹಸಿರನ್ನು 256ರಿಂದ ಗುಣಿಸಿ ನೀಲಿ ಕೂಡಿಸಬೇಕು, ಬಂದದ್ದರ ಹತ್ತನೇ ಒಂದು ಭಾಗದಿಂದ 10,000 ಕಳೆದರೆ ಮೀಟರ್ ಲೆಕ್ಕ ಸಿಗುತ್ತದೆ.

ತಲೆನೋವು ಬಂದಿದ್ದು ಗೆಳೆಯನ ಫೋನಿನಲ್ಲಿ. ಬೆಟ್ಟಸಾಲಿನ ಗೆರೆ ಗರಗಸದ ಹಲ್ಲಿನ ಥರ! 1000 ಮೀಟರಿನ ಕಾಫಿ ತೋಟ ನಡುನಡುವೆ 7500 ಮೀಟರ್ ದಾಟಿ ನಿಂತಿತ್ತು. ಆಮೇಲೆ ಗೊತ್ತಾಯಿತು, ಪ್ರೈವೆಸಿ ಕಾಯುವ ಕೆಲವು ಬ್ರೌಸರ್‌ಗಳು ಕ್ಯಾನ್ವಾಸ್‌ನಿಂದ (ಬ್ರೌಸರ್ ಚಿತ್ರ ಬಿಡಿಸುವ ಹಲಗೆ) ಓದಿದ ಬಣ್ಣವನ್ನು ಬೇಕೆಂದೇ ಒಂಚೂರು ಕೆಡಿಸಿ ಕೊಡುತ್ತವೆ, ಸೈಟ್‌ಗಳು ನಿಮ್ಮ ಫೋನಿನ ಗುರುತು ಹಿಡಿಯದಿರಲಿ ಅಂತ. ಫೋಟೋದಲ್ಲಾದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಇಲ್ಲಿ ಕೆಂಪು ಒಂದಂಕಿ ಏರಿದರೆ 6553.6 ಮೀಟರ್.

ಅದಾದರೂ ಕಣ್ಣಿಗೆ ಬೀಳುತ್ತದೆ. ಹಸಿರು ಒಂದಂಕಿ ಏರಿದರೆ 25.6 ಮೀಟರ್ ಏರುತ್ತದೆ, ಅದು ಯಾರಿಗೂ ಕಾಣುವುದಿಲ್ಲ, ಆದರೆ ಹತ್ತಿರದ ದಿಬ್ಬ ಅಷ್ಟು ಎದ್ದರೂ ಸಾಕು, ಹಿಂದಿರುವ ಬೆಟ್ಟದ ಹೆಸರೇ ಪಟ್ಟಿಯಿಂದ ಮಾಯ. ಕ್ಯಾನ್ವಾಸ್ ಬಿಟ್ಟು ಪಿಎನ್‌ಜಿಯನ್ನು ನಾವೇ ಬಿಚ್ಚಿ ಓದಬಹುದು, ಹಾಗೆ ಮಾಡಿಯೂ ನೋಡಿದೆ, ಸರಿಹೋಯಿತು. ಅಷ್ಟೆಲ್ಲಾ ಮಾಡುವುದಾದರೆ ಚಿತ್ರದ ವೇಷ ಯಾಕೆ ಬೇಕು?

ಎಚ್‌ಜಿಟಿಯಲ್ಲಿ ಈ ರಗಳೆಯೇ ಇಲ್ಲ. 2000ದ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದ ಎತ್ತರಗಳು, ಎರಡೆರಡು ಬೈಟಿನ ಅಂಕಿಗಳಾಗಿ ಸಾಲಾಗಿ ಕೂತಿರುತ್ತವೆ. ದೊಡ್ಡ ಬೈಟ್ ಮೊದಲು ಬರುತ್ತದೆ, -32768 ಕಂಡರೆ ಅಲ್ಲಿ ಡೇಟಾ ಇಲ್ಲ. ಸುಮಾರು 90 ಮೀಟರಿಗೊಂದು ಎತ್ತರ ಇರುವ ಫೈಲ್ 2.8 ಎಂಬಿ, ಬ್ರೌಸರ್‌ನೊಳಗಿನ ಉಗ್ರಾಣ ಇಂಡೆಕ್ಸ್ಡ್‌ಡಿಬಿಯಲ್ಲಿ ಆರಾಮಾಗಿ ಕೂರುತ್ತದೆ. ಎನ್13ಇ075 (13 ಡಿಗ್ರಿ ಉತ್ತರ, 75 ಡಿಗ್ರಿ ಪೂರ್ವದಿಂದ ಶುರುವಾಗುವ ಚೌಕ) ಅನ್ನುವ ಒಂದೇ ಫೈಲಿನಲ್ಲಿ ಮುಳ್ಳಯ್ಯನಗಿರಿಯೂ ಬಂತು, ಕುದುರೆಮುಖವೂ ಬಂತು. 30 ಮೀಟರಿನದು 25 ಎಂಬಿ ದಾಟುತ್ತದೆ, ನನ್ನ ಹಳೇ ಫೋನಿಗೆ ಜಾಸ್ತಿಯಾಯಿತು. 90ರಲ್ಲಿ ಚೂಪು ತುದಿಗಳು ಸವೆದು ತಗ್ಗಾಗಿ ಕಾಣುತ್ತವೆ ನಿಜ, ಅದಕ್ಕೆ ಶಿಖರದ ಹೆಸರು, ಎತ್ತರ ಎರಡನ್ನೂ ಎಲ್ಲರೂ ಸೇರಿ ಕಟ್ಟುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ತೆಗೆದುಕೊಂಡೆ.

ಯಾವುದನ್ನೇ ಆರಿಸಿ, ಭೂಮಿಯ ಗುಂಡಗಿನ ಲೆಕ್ಕ ಹಾಕಲೇಬೇಕು. 50 ಕಿ.ಮೀ. ದೂರಕ್ಕೆ ಬೆಟ್ಟ ಸುಮಾರು 196 ಮೀಟರ್ ಕೆಳಗಿಳಿಯುತ್ತದೆ, ಗಾಳಿಯಲ್ಲಿ ಬೆಳಕು ಬಾಗುವುದರಿಂದ ಸ್ವಲ್ಪ ವಾಪಸ್ ಸಿಗುತ್ತದೆ. ಐಫೋನಿನಲ್ಲಿ ದಿಕ್ಕು ತಿಳಿಯಲು ಬಟನ್ ಒತ್ತಿಸಿಯೇ ಅನುಮತಿ ಕೇಳಬೇಕು. ದಿಕ್ಸೂಚಿಯನ್ನು ಪೂರ್ತಿ ನಂಬಬೇಡಿ, ಬೆಟ್ಟಸಾಲಿನ ಗೆರೆಯನ್ನು ಬೆರಳಲ್ಲಿ ಎಳೆದು ಕೂರಿಸುವ ಸೌಲಭ್ಯ ಇರಲಿ.

ಹೆಸರು ತಿಳಿದರೆ ಸಾಕು ಅನ್ನುವವರು ಪೀಕ್‌ಫೈಂಡರ್ ಅನ್ನುವ ಸಿದ್ಧ ಆ್ಯಪ್ ಕೊಂಡುಕೊಳ್ಳಿ, ಅದೂ ಆಫ್‌ಲೈನ್ ಓಡುತ್ತದೆ. ಇಡೀ ದೇಶ ಸುತ್ತುವವರಿಗೆ, ನಕ್ಷೆಯೂ ಬೇಕು ಅನ್ನುವವರಿಗೆ ಪಿಎನ್‌ಜಿಯೇ ಸರಿ. ನಾನು ಹೋಗುವುದು ಚಿಕ್ಕಮಗಳೂರು, ಕೊಡಗು ಕಡೆ ಮಾತ್ರ, ಸರ್ವರ್‌ಗೆ ತಿಂಗಳ ಬಾಡಿಗೆ ಕಟ್ಟುವ ಆಸೆಯೂ ಇಲ್ಲ. ನಾಲ್ಕಾರು ಎಚ್‌ಜಿಟಿ ಫೈಲ್ ಮನೆ ವೈಫೈಯಲ್ಲಿ ಇಳಿಸಿಕೊಂಡು ಹೊರಟರೆ ನನ್ನ ಕೆಲಸ ಆಯಿತು.