ಭಕ್ತಿ ಪುಸ್ತಕಕ್ಕೆ ಪಿಒಡಿ ಮುದ್ರಣ: ಅಟ್ಟದ ಕಟ್ಟಿನಿಂದ ಬಿಡುಗಡೆ, ಆದರೆ ಒತ್ತಕ್ಷರದ ಮೇಲೆ ಕಣ್ಣಿರಲಿ

ಸಾವಿರ ಪ್ರತಿ ಹಾಕಿಸುವುದು, ಬಿಡುಗಡೆಯ ದಿನ ಇನ್ನೂರು ಹಂಚುವುದು, ಉಳಿದದ್ದನ್ನು ಕಟ್ಟು ಕಟ್ಟಿ ಅಟ್ಟಕ್ಕೇರಿಸುವುದು. ವಚನ ವ್ಯಾಖ್ಯಾನ, ದಾಸರ ಪದಗಳ ಅರ್ಥ, ಊರ ದೇವರ ಸ್ಥಳಪುರಾಣ, ಕ್ರೈಸ್ತ ಧ್ಯಾನಮಾಲೆ, ಇಂಥ ಪುಸ್ತಕಗಳನ್ನು ಬರೆದು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವವರ ಉತ್ಸಾಹ ಬಹುಮಟ್ಟಿಗೆ ಇಲ್ಲಿಗೇ ಬತ್ತುತ್ತದೆ. ಎರಡನೇ ಪುಸ್ತಕ ಬಾರದಿರುವುದು ಬರೆಯಲು ವಿಷಯ ಇಲ್ಲದೆ ಅಲ್ಲ, ಮೊದಲನೆಯದರ ಕಟ್ಟು ದಿನಾ ಕಣ್ಣಿಗೆ ಬೀಳುವುದರಿಂದ. ಆರ್ಡರ್ ಬಂದಷ್ಟೇ ಪ್ರತಿ ಅಚ್ಚು ಮಾಡಿಕೊಡುವ ಪ್ರಿಂಟ್ ಆನ್ ಡಿಮಾಂಡ್, ಬಳಕೆಯ ಮಾತಿನಲ್ಲಿ ಪಿಒಡಿ, ಈ ಒಂದು ರೋಗಕ್ಕೆ ಖಂಡಿತ ಮದ್ದು. ಬೇರೆ ರೋಗಗಳಿಗೆ ಅಲ್ಲ. ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಇಲ್ಲಿದೆ.

ನಮ್ಮ ಕಡೆಯ ಲೇಖಕರಿಗೆ ಹತ್ತಿರದ ಹೆಸರು ಎರಡು. ಬೆಂಗಳೂರಿನ ಪೋಥಿ ಡಾಟ್ ಕಾಮ್ 2008ರಿಂದ ಇದೆ, ಚೆನ್ನೈನ ನೋಷನ್ ಪ್ರೆಸ್ 2012ರಿಂದ. ಎರಡರಲ್ಲೂ ಮುಂಗಡ ಹಣ ಕಟ್ಟದೆ ಪುಸ್ತಕ ಹೊರತರುವ ದಾರಿ ಇದೆ: ಒಳಪುಟ, ಮುಖಪುಟ ಸಿದ್ಧಪಡಿಸಿ ಅವರ ಜಾಲತಾಣಕ್ಕೆ ಏರಿಸಿದರೆ ಮುದ್ರಣದ ಖರ್ಚು ತೋರಿಸುತ್ತದೆ, ಅದರ ಮೇಲೆ ಬೆಲೆ ಇಡುವುದು ನೀವೇ. ನೋಷನ್ ಪ್ರೆಸ್‌ನಲ್ಲಿ ಹಣ ಕೊಟ್ಟು ಕೊಳ್ಳುವ ಪ್ಯಾಕೇಜುಗಳೂ ಉಂಟು. ಪುಟವಿನ್ಯಾಸ ಗೊತ್ತಿದ್ದವರಿಗೆ, ಅಥವಾ ಊರಿನಲ್ಲೇ ನಂಬಿಕಸ್ಥ ಡಿಟಿಪಿಯವರು ಇದ್ದರೆ, ಪ್ಯಾಕೇಜಿನ ಹಂಗು ಬೇಕಿಲ್ಲ. ಯಾವುದೇ ಸಂಸ್ಥೆಯ ಪ್ಯಾಕೇಜಿನ ಪಟ್ಟಿಯಲ್ಲಿ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ದುಡ್ಡು ಹಾಕಿದ್ದರೆ ಅಲ್ಲೇ ನಿಲ್ಲಿ. ನಮ್ಮ ದೇಶದಲ್ಲಿ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಆ 13 ಅಂಕಿಯ ಸಂಖ್ಯೆಯನ್ನು ಉಚಿತವಾಗಿ ಕೊಡುತ್ತದೆ, ಲೇಖಕರೇ ಪ್ರಕಾಶಕರಾಗಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಕೈಗೆ ಬರಲು ಸಮಯ ಹಿಡಿಯುವುದರಿಂದ ಪ್ರೂಫ್ ತಿದ್ದಲು ಕೂತ ದಿನವೇ ಅರ್ಜಿ ಹಾಕಿಬಿಡಿ.

ಈಗ ಬೆಲೆ. ಭಕ್ತಿ ಪುಸ್ತಕದ ಓದುಗನ ಮನಸ್ಸಿನಲ್ಲಿ ಬೆಲೆಯ ಅಳತೆಗೋಲು ಇಟ್ಟಿರುವುದು ಕಾದಂಬರಿ ಪ್ರಕಾಶಕರಲ್ಲ, 1923ರಲ್ಲಿ ಶುರುವಾದ ಗೋರಖಪುರದ ಗೀತಾ ಪ್ರೆಸ್. ಕನ್ನಡದಲ್ಲೂ ಗೀತೆ, ಸ್ತೋತ್ರಗಳನ್ನು ತೀರಾ ಕಡಿಮೆ ದರಕ್ಕೆ ಕೊಟ್ಟುಕೊಂಡು ಬಂದಿರುವ ಸಂಸ್ಥೆ ಅದು. ಅದರ ಪಕ್ಕ ಪಿಒಡಿ ಪುಸ್ತಕ ಇಟ್ಟರೆ ಯಾರಾದರೂ ಹುಬ್ಬೇರಿಸುತ್ತಾರೆ. 160 ಪುಟದ ಪುಸ್ತಕಕ್ಕೆ ಪ್ರತಿಗೆ 130 ರೂಪಾಯಿ ಮುದ್ರಣದ ಖರ್ಚು ಬಂತೆಂದು ಇಟ್ಟುಕೊಳ್ಳಿ. 180 ಬೆಲೆ ಇಟ್ಟರೂ ಆನ್‌ಲೈನ್ ಅಂಗಡಿಯ ಪಾಲು ಕಳೆದರೆ ಕೈಗೆ ಹೆಚ್ಚೇನೂ ಹತ್ತುವುದಿಲ್ಲ. ಓದುಗನಿಗೆ ಅಂಚೆ ಖರ್ಚು ಬೇರೆ. ಒಟ್ಟಿಗೆ ಬಹಳ ಪ್ರತಿ ತೆಗೆಯುವ ಆಫ್‌ಸೆಟ್‌ನಲ್ಲಿ ಹಾಗಲ್ಲ. 16 ಪುಟದ ಒಂದೊಂದು ಫಾರಂಗೂ ಪ್ಲೇಟ್ ಮಾಡಿಸುವ ಖರ್ಚು ಹತ್ತು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಪ್ರತಿ ಹೆಚ್ಚಿದಂತೆ ಅದು ಹಂಚಿಹೋಗುತ್ತದೆ. ಸುಮಾರಾಗಿ 300ರಿಂದ 500 ಪ್ರತಿ ದಾಟುತ್ತದೆ ಎಂಬ ಖಾತ್ರಿ ಇದ್ದರೆ ಪಿಒಡಿ ಬಿಟ್ಟು ಮುದ್ರಣ ಕಾಶಿ ಎಂದೇ ಹೆಸರಾದ ಗದಗಿನಲ್ಲೋ ಬೆಂಗಳೂರಿನಲ್ಲೋ ಆಫ್‌ಸೆಟ್ ಪ್ರೆಸ್‌ನವರನ್ನು ವಿಚಾರಿಸುವುದೇ ಲೇಸು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಮೇಲೆ ಕಣ್ಣಿಟ್ಟವರಿಗೂ ಇದೇ ಮಾತು. ಅಲ್ಲಿ ಪುಟಲೆಕ್ಕದ ದರ, ಪಿಒಡಿ ಖರ್ಚು ಅದಕ್ಕೆ ಹೊಂದುವುದಿಲ್ಲ.

ಹಾಗಾದರೆ ಪಿಒಡಿ ಯಾಕೆ? ಐದು ಪ್ರತಿಗಾಗಿ. ಇದರ ಅಸಲು ಬೆಲೆ ಇರುವುದು ಆ ಮೊದಲ ಐದು ಪ್ರತಿಗಳಲ್ಲಿ. ಫೋನಿನಲ್ಲಿ ಪಿಡಿಎಫ್ ಕಳಿಸಿದರೆ ಹಿರಿಯರು "ನೋಡ್ತೀನಪ್ಪಾ" ಅನ್ನುತ್ತಾರೆ, ನೋಡುವುದಿಲ್ಲ. ಕೈಗೆ ಪುಸ್ತಕ ಕೊಟ್ಟರೆ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ ವಾಪಸು ಕೊಡುತ್ತಾರೆ. ಒಂದು ಪ್ರತಿ ಆ ಸಂಪ್ರದಾಯದ ಪಾಠ ಬಲ್ಲವರಿಗೆ, ಒಂದು ಕನ್ನಡ ಮೇಷ್ಟರಿಗೆ, ಒಂದು ಅರವತ್ತು ದಾಟಿದ ಸಾಮಾನ್ಯ ಓದುಗರಿಗೆ, ಒಂದು ಆ ನಂಬಿಕೆಯ ಹೊರಗಿನ ಒಬ್ಬರಿಗೆ, ಕೊನೆಯದು ನಿಮ್ಮ ಮೇಜಿಗೆ. "ಹೇಗಿದೆ?" ಎಂದು ಕೇಳಬೇಡಿ, "ಚೆನ್ನಾಗಿದೆ" ಎಂಬ ಉತ್ತರದಿಂದ ಯಾರಿಗೂ ಉಪಯೋಗವಿಲ್ಲ. ಯಾವ ಪುಟದಲ್ಲಿ ಓದು ನಿಂತಿತು, ಯಾವುದನ್ನು ಇನ್ನೊಬ್ಬರಿಗೆ ಓದಿ ಹೇಳಿದಿರಿ, ಈ ಎರಡೇ ಪ್ರಶ್ನೆ ಸಾಕು. ಎರಡನೆಯ ಪ್ರಶ್ನೆಗೆ ಬರುವ ಉತ್ತರ ಮುಂದಿನ ಪುಸ್ತಕಕ್ಕೆ ಇಂಧನ. ಹಣ ಕೊಟ್ಟು ಕೊಳ್ಳುವ ಪ್ರಶಸ್ತಿ ಫಲಕದಲ್ಲಿ ಅದು ಸಿಗದು.

ಇನ್ನು ಅಕ್ಷರ. ಕನ್ನಡದ ಪಿಒಡಿ ಪುಸ್ತಕಗಳು ಸೋಲುವುದು ಹೆಚ್ಚಾಗಿ ಇಲ್ಲೇ, ಅದಕ್ಕೆ ಸೇವೆ ಕೊಡುವವರನ್ನು ದೂರಿ ಫಲವಿಲ್ಲ, ನೀವು ಕೊಟ್ಟ ಪಿಡಿಎಫ್ ಹೇಗಿದೆಯೋ ಹಾಗೇ ಅಚ್ಚಾಗುತ್ತದೆ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಬರಹವನ್ನು ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಯೂನಿಕೋಡ್‌ಗೆ ಪರಿವರ್ತಿಸಿದಾಗ ಏನೇನು ಕೆಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ ನೋಡಿ. ಗೀತೆಯ ಎರಡನೇ ಅಧ್ಯಾಯದ 47ನೇ ಶ್ಲೋಕದಲ್ಲಿ "ಸಂಗೋಽಸ್ತ್ವಕರ್ಮಣಿ" ಎಂದಿದೆ. ನಡುವಿನ ಆ ಬಾಗಿದ ಗೆರೆ ಅವಗ್ರಹ. ಡಿಟಿಪಿ ಮನೆಗಳಲ್ಲಿ ಅದಕ್ಕೆ ಬದಲು ಇಂಗ್ಲಿಷಿನ ಎಸ್ ಅಕ್ಷರ ಒತ್ತಿಬಿಡುವ ರೂಢಿ ಇದೆ. ಹಾಳೆಯ ಮೇಲೆ ಕಣ್ಣಿಗೆ ಒಂದೇ ಥರ ಕಂಡರೂ, ಪರಿವರ್ತಕದ ಕೈಗೆ ಸಿಕ್ಕಾಗ ಅದು ಒಮ್ಮೊಮ್ಮೆ ಎಸ್ ಆಗೇ ಉಳಿಯುತ್ತದೆ, ಒಮ್ಮೊಮ್ಮೆ ಬೇರೆ ಕನ್ನಡ ಅಕ್ಷರವಾಗಿ ಕೂರುತ್ತದೆ. ಶ್ಲೋಕ ಬಲ್ಲ ಓದುಗ ಅಲ್ಲಿಗೆ ಪುಸ್ತಕ ಮುಚ್ಚುತ್ತಾನೆ. ಅರ್ಕಾವತ್ತು, ವಿಸರ್ಗ, ಐತ್ವ, ಎರಡೆರಡು ಒತ್ತು ಬಂದ ಜಾಗ, ಇವನ್ನು ಪ್ರತ್ಯೇಕವಾಗಿ ಹುಡುಕಿ ನೋಡಬೇಕು. "ರ‍್ಯಾಂಕ್" ಎಂಬಂಥ ಪದದಲ್ಲಿ ರಕಾರದ ನಂತರ ಕಣ್ಣಿಗೆ ಕಾಣದ ಜೋಡಕ ಚಿಹ್ನೆ ಬಿಟ್ಟುಹೋದರೆ "ರ್ಯಾಂಕ್" ಎಂದು ಅರ್ಕಾವತ್ತು ಬಂದು ಕೂರುತ್ತದೆ.

ಪುಟವಿನ್ಯಾಸವನ್ನು ಇನ್‌ಡಿಸೈನ್‌ನಲ್ಲಿ ಮಾಡಿಸುವುದಾದರೆ ಪ್ಯಾರಾ ಜೋಡಣೆಗೆ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆಯ್ದಿರಬೇಕು, ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಸಾಲಿನಲ್ಲೇ ನಿಂತುಬಿಡುತ್ತವೆ. ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ಅದರಲ್ಲೇ ಕೆಲಸ ಮಾಡುವವರು ಹಳೆಯ ಫಾಂಟ್‌ನಲ್ಲೇ ಮುಗಿಸಿ ಪಿಡಿಎಫ್ ಕೊಟ್ಟರೂ ಅಚ್ಚಿಗೆ ತೊಂದರೆಯಿಲ್ಲ, ಆದರೆ ನಾಳೆ ಅದನ್ನೇ ಇ-ಪುಸ್ತಕ ಮಾಡಬೇಕೆಂದರೆ ಮತ್ತೆ ಮೊದಲಿನಿಂದ ಶುರು. ನೋಟೊ ಸೆರಿಫ್ ಕನ್ನಡ ಮುಕ್ತ ಪರವಾನಗಿಯ ಫಾಂಟ್, ಪುಸ್ತಕಕ್ಕೆ ನಿರಾತಂಕವಾಗಿ ಬಳಸಬಹುದು. ಪಿಡಿಎಫ್ ತೆರೆದು ಅದರ ಪ್ರಾಪರ್ಟೀಸ್‌ನ ಫಾಂಟ್ ಪಟ್ಟಿಯಲ್ಲಿ ಎಲ್ಲ ಹೆಸರಿನ ಮುಂದೆಯೂ ಎಂಬೆಡೆಡ್, ಅಂದರೆ ಫೈಲಿನೊಳಗೇ ಸೇರಿದೆ, ಎಂದಿದೆಯೇ ನೋಡಿ. ಒಂದರ ಮುಂದೆ ಇಲ್ಲದಿದ್ದರೂ ಏರಿಸಬೇಡಿ.

ಅಳತೆಗೆ ಡೆಮಿ 1/8, ಅಂದರೆ 5.5 ಇಂಚು ಅಗಲ, 8.5 ಇಂಚು ಉದ್ದ, ಭಕ್ತಿ ಪುಸ್ತಕಕ್ಕೆ ಸರಿಯಾದದ್ದು. ಓದುವವರಲ್ಲಿ ಹೆಚ್ಚಿನವರು ಕನ್ನಡಕದವರು: ಮೂಲ ಪದ್ಯ 14 ಪಾಯಿಂಟ್, ವ್ಯಾಖ್ಯಾನ 12, ಸಾಲಿನಿಂದ ಸಾಲಿಗೆ 18 ಪಾಯಿಂಟ್ ಅಂತರ. ಇಂಗ್ಲಿಷ್ ಪುಸ್ತಕದ ಅಂತರವನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಷಟ್ಪದಿಯ ಆರು ಸಾಲು ಎರಡು ಪುಟಕ್ಕೆ ಹರಿದುಹೋಗದಂತೆ ಕಟ್ಟಿ. ಒಳಗಡೆ, ಬೆನ್ನಿನ ಬದಿಗೆ, 20 ಮಿ.ಮೀ. ಖಾಲಿ ಬಿಡಿ. 80 ಜಿಎಸ್‌ಎಂ ಕಾಗದದ ಒಂದು ಹಾಳೆ ಸುಮಾರು 0.1 ಮಿ.ಮೀ. ದಪ್ಪ. 160 ಪುಟವೆಂದರೆ 80 ಹಾಳೆ, ಬೆನ್ನು 8 ಮಿ.ಮೀ. ಮುಖಪುಟ ಬರೆಯುವವರಿಗೆ ಈ ಲೆಕ್ಕ ಕೊಡದಿದ್ದರೆ ಬೆನ್ನಿನ ಮೇಲಿನ ಹೆಸರು ಪಕ್ಕಕ್ಕೆ ಜಾರುತ್ತದೆ. ದೇವರ ಬಣ್ಣದ ಪಟವನ್ನು ಒಳಪುಟಕ್ಕೆ ಹಾಕುವ ಆಸೆ ಬಿಡಿ. ಒಂದು ಬಣ್ಣದ ಪುಟಕ್ಕಾಗಿ ಇಡೀ ಪುಸ್ತಕ ಬಣ್ಣದ ದರಕ್ಕೆ ಏರುವುದುಂಟು. ವಾಟ್ಸಾಪ್‌ನಲ್ಲಿ ಬಂದ ಪಟ ಅಚ್ಚಿನಲ್ಲಿ ಮಸಿ ಬಳಿದಂತೆ ಬರುತ್ತದೆ, ಅದರ ಹಕ್ಕು ಯಾರದೋ ಬೇರೆ.

ಬೈಂಡಿಂಗ್ ವಿಚಾರದಲ್ಲಿ ಪಿಒಡಿಗೆ ಅರ್ಧ ಅಂಕ. ಬರುವುದು ಅಂಟಿನ ಪರ್ಫೆಕ್ಟ್ ಬೈಂಡಿಂಗ್. ಒಮ್ಮೆ ಓದಿ ಕಪಾಟಿಗಿಡುವ ಲೇಖನಸಂಗ್ರಹಕ್ಕೆ ಅದು ಧಾರಾಳ ಸಾಕು. ನಿತ್ಯ ಪಾರಾಯಣದ ಪುಸ್ತಕಕ್ಕೆ ಬೇಡವೇ ಬೇಡ: ವ್ಯಾಸಪೀಠದ ಮೇಲೆ ಇಟ್ಟರೆ ಅಗಲವಾಗಿ ತೆರೆದು ಕೂರುವುದಿಲ್ಲ, ಒತ್ತಿ ಬಿಡಿಸಿದರೆ ಅಂಟು ಬಿರಿದು ಹಾಳೆ ಕೈಗೆ ಬರುತ್ತದೆ. ಸಹಸ್ರನಾಮ, ಪಾರಾಯಣ ಗ್ರಂಥ, ದಿನಕ್ಕೊಂದು ಪುಟದ ಧ್ಯಾನ ಪುಸ್ತಕ, ಇವಕ್ಕೆ ಫಾರಂ ಹೊಲಿಸಿದ ಆಫ್‌ಸೆಟ್ ಪ್ರತಿಯೇ ಗತಿ.

ಹಕ್ಕುಸ್ವಾಮ್ಯದ ಮಾತು ಭಕ್ತಿ ಲೇಖಕರಿಗೆ ತಮಾಷೆಯಾಗಿ ಕಾಣುತ್ತದೆ, ಬಸವಣ್ಣನವರ ವಚನಕ್ಕೆ ಯಾರ ಅಪ್ಪಣೆ ಎನ್ನುತ್ತಾರೆ. ವಚನಕ್ಕೆ ಬೇಡ, ಸರಿ. ಆದರೆ ಇತ್ತೀಚಿನವರು ಬರೆದ ಟೀಕೆ, ಅನುವಾದ, ಮುನ್ನುಡಿಗಳಿಗೆ ಬೇಕು. ಕಾನೂನಿನ ಲೆಕ್ಕ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಡಿ.ವಿ.ಜಿ. ಹೋದದ್ದು 1975ರಲ್ಲಿ, ಹಾಗಾಗಿ ಕಗ್ಗದ ಪದ್ಯಗಳನ್ನೆಲ್ಲ ಇಡಿಯಾಗಿ ಹಾಕಿ ಅರ್ಥ ಬರೆಯುವವರು 2035ರ ಕೊನೆಯವರೆಗೆ ಅನುಮತಿ ಕೇಳಲೇಬೇಕು. ಬೈಬಲ್ಲಿನ ಹೊಸ ಅನುವಾದಗಳಿಗೂ ಇದೇ ಎಚ್ಚರ. ವಚನಗಳನ್ನು ಸಂಗ್ರಹಿಸಿ ಅಚ್ಚಿಗೆ ತಂದ ಫ.ಗು. ಹಳಕಟ್ಟಿಯವರು 1964ರಲ್ಲಿ ತೀರಿಕೊಂಡರು, ಅವರ ಬರಹ 2025ರ ಜನವರಿ 1ರಿಂದ ಎಲ್ಲರದು.

ಹಳಕಟ್ಟಿಯವರ ಹೆಸರು ಬಂತೆಂದರೆ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ವಚನಗಳ ಹಸ್ತಪ್ರತಿಯನ್ನು ಅವರು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಗೆ ಕೊಟ್ಟರು, ಅದು ಅಚ್ಚಾಗದೆ ಮರಳಿ ಬಂತು. 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಗಿ 1923ರಲ್ಲಿ ಹೊರಬಂತು. ಆಮೇಲೆ ಇದ್ದ ಮನೆ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ತೆಗೆದರು. ಸ್ವಂತ ಪ್ರಕಾಶನ ಎಂದರೆ ಎರಡನೇ ದರ್ಜೆ ಎಂದು ಮುಜುಗರಪಡುವವರು ಈ ಇಸವಿಗಳನ್ನು ಮೇಜಿನ ಮೇಲೆ ಬರೆದಿಟ್ಟುಕೊಳ್ಳಬಹುದು. ಮನೆ ಮಾರಬೇಕಾಗಿಲ್ಲ ಎಂಬುದಷ್ಟೇ ಪಿಒಡಿ ತಂದ ವ್ಯತ್ಯಾಸ.

ಇ-ಪುಸ್ತಕದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. 2016ರಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂಗಳಿಗೆ ಬಾಗಿಲು ತೆರೆದಾಗ ಕನ್ನಡ ಆ ಸಾಲಿನಲ್ಲಿರಲಿಲ್ಲ. ನಮ್ಮವರಿಗೆ ಮೈಲ್ಯಾಂಗ್‌ನಂಥ ಕನ್ನಡದ್ದೇ ಆ್ಯಪ್ ಇದೆ, ಅದರಲ್ಲಿ ಕೇಳುಪುಸ್ತಕವೂ ಉಂಟು. ವಚನ, ಕೀರ್ತನೆಯಂಥವು ಕಣ್ಣಿಗಿಂತ ಕಿವಿಗೆ ಹೆಚ್ಚು ಹತ್ತಿರ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಕಳಿಸುವ ಖರ್ಚಿನ ವಿಷಯಕ್ಕೆ ಬಂದರೆ ಒಂದು ಒಳ್ಳೆಯ ಸುದ್ದಿ. ಅಂಚೆ ಇಲಾಖೆ 2025ರ ಮೇ 1ರಂದು ಜ್ಞಾನ ಪೋಸ್ಟ್ ಆರಂಭಿಸಿತು. ಧಾರ್ಮಿಕ ಪುಸ್ತಕಗಳೂ ಅದರಲ್ಲಿ ಸೇರುತ್ತವೆ. ಆರಂಭದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಮೇಲೆ ಹೇಳಿದ 160 ಪುಟದ ಡೆಮಿ ಪುಸ್ತಕ ಮುಖಪುಟ ಸೇರಿ ಸುಮಾರು 210 ಗ್ರಾಂ ತೂಗುತ್ತದೆ. ತೆಳ್ಳನೆಯ ಕಾಗದದಲ್ಲಿ ಸುತ್ತಿದರೆ ಮೊದಲ ದರದಲ್ಲೇ ಹೋಗುತ್ತದೆ. ದಪ್ಪ ರಟ್ಟು ಇಟ್ಟು ಟೇಪ್ ಸುತ್ತಿದಿರೋ, ದರ ಮೇಲೇರುತ್ತದೆ. ನೆಲದ ಮಾರ್ಗದಲ್ಲಿ ಹೋಗುವುದರಿಂದ ತುಸು ನಿಧಾನ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು, ಜಾಹೀರಾತು ತುಂಬಿರಬಾರದು. ಪಿಒಡಿ ಫೈಲಿನಲ್ಲಿ ಪ್ರಕಾಶನ ವಿವರದ ಪುಟವನ್ನು ಮರೆತವರಿಗೆ ಅಂಚೆ ಕೌಂಟರಿನಲ್ಲಿ ಅದರ ನೆನಪಾಗುತ್ತದೆ.

ಶ್ರಾವಣದ ಪ್ರವಚನಕ್ಕೆ ಪುಸ್ತಕ ಬೇಕೆಂದರೆ ಜ್ಯೇಷ್ಠದ ಹೊತ್ತಿಗೇ ಪ್ರೂಫ್ ಪ್ರತಿ ಕೈಯಲ್ಲಿರಬೇಕು. ತಿದ್ದುಪಡಿ, ಮರು ಪ್ರೂಫ್, ಮುದ್ರಣ, ಸಾಗಣೆ ಸೇರಿ ಆರು ವಾರ ಹಿಡಿದುಕೊಳ್ಳಿ. ಹಾಗೆಯೇ ಪುಣ್ಯಸ್ಮರಣೆಗೋ ಗೃಹಪ್ರವೇಶಕ್ಕೋ ಇಪ್ಪತ್ತೈದು ಪ್ರತಿ ಬೇಕು ಎಂದು ಕೇಳಿ ಬರುವ ಮನೆಯವರಿಗೆ, ಮೂರನೇ ಪುಟದಲ್ಲಿ ಅವರ ಹಿರಿಯರ ಹೆಸರು ಹಾಕಿ ಆ ಒಂದು ಪುಟವಷ್ಟೇ ಬದಲಿಸಿದ ಫೈಲ್ ಏರಿಸಿ ಅಷ್ಟೇ ಪ್ರತಿ ತರಿಸಿಕೊಡಬಹುದು. ಪುಟಸಂಖ್ಯೆ ಹೆಚ್ಚುಕಡಿಮೆ ಆಗದಂತೆ ಆ ಜಾಗವನ್ನು ಮೊದಲೇ ಖಾಲಿ ಬಿಟ್ಟಿರಿ. ಇಲ್ಲದಿದ್ದರೆ ಬೆನ್ನಿನ ಅಳತೆಯಿಂದ ಹಿಡಿದು ಪರಿವಿಡಿಯವರೆಗೆ ಎಲ್ಲವನ್ನೂ ಮತ್ತೆ ಮುಟ್ಟಬೇಕಾಗುತ್ತದೆ.