ಮಿಶೆಲಿನ್ ಎಕ್ಸ್‌ಎಂ2+: ಬೆಂಗಳೂರಿನ ಮಳೆ, ಗುಂಡಿ, ಶಿರಾಡಿ ಘಾಟಿ ಎಲ್ಲಾ ಕಂಡ ಮೇಲೆ

ಕಾರು ಮಾರುತಿ ಸ್ವಿಫ್ಟ್. ಟೈರ್ ಸೈಜ್ 185/65 ಆರ್15, ಅಂದರೆ ಅಗಲ 185 ಮಿಲಿಮೀಟರ್, ಪಕ್ಕದ ಎತ್ತರ ಆ ಅಗಲದ ಶೇ. 65, ರಿಮ್ 15 ಇಂಚು. ಕಾರಿನ ಜೊತೆ ಬಂದ ಟೈರ್‌ಗಳ ಬಟನ್ (ರಸ್ತೆಗೆ ತಾಗುವ ರಬ್ಬರ್ ಉಬ್ಬುಗಳು) ಸವೆದ ಮೇಲೆ ನಾಲ್ಕೂ ಚಕ್ರಕ್ಕೆ ಮಿಶೆಲಿನ್ ಎನರ್ಜಿ ಎಕ್ಸ್‌ಎಂ2+ ಹಾಕಿಸಿದೆ. ಈಗ ಹತ್ತಿರ ಹತ್ತಿರ 40 ಸಾವಿರ ಕಿಲೋಮೀಟರ್ ಓಡಿವೆ. ಬನಶಂಕರಿಯಿಂದ ಸಿಲ್ಕ್ ಬೋರ್ಡ್ ದಾಟಿ ಬೆಳ್ಳಂದೂರಿನ ಆಫೀಸಿಗೆ ದಿನದ ಓಡಾಟ. ಆಗಾಗ ಹಾಸನದ ಹತ್ತಿರ ನಮ್ಮೂರು. ವರ್ಷಕ್ಕೆ ಕೆಲವು ಸಲ ಶಿರಾಡಿ ಘಾಟಿ ಇಳಿದು ಮಂಗಳೂರು. ಈ ಎಲ್ಲಾ ರಸ್ತೆಗಳಲ್ಲಿ ಓಡಿಸಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು. ಟೈರ್ ಅಂಗಡಿಗೆ ಹೋದರೆ ನಾವು ಮೊದಲು ಕೇಳುವುದು "ಎಷ್ಟು ಕಿಲೋಮೀಟರ್ ಬರುತ್ತೆ" ಅಂತ. ಬೆಂಗಳೂರಿನಲ್ಲಿರುವವರು ಮೊದಲು ಕೇಳಬೇಕಾದ್ದು "ಒದ್ದೆ ರಸ್ತೇಲಿ ಎಷ್ಟು ಬೇಗ ನಿಲ್ಲುತ್ತೆ" ಅಂತ.

ಋತುವಿಗೆ ತಕ್ಕ ಟೈರ್ ಬೇಕಾ ಅಂತ ಬಹಳ ಜನ ಕೇಳುತ್ತಾರೆ. ಹೊರದೇಶದಲ್ಲಿ ಇದ್ದು ಬಂದವರಂತೂ ಕೇಳಿಯೇ ಕೇಳುತ್ತಾರೆ. ಜರ್ಮನಿಯಲ್ಲಿ ರಸ್ತೆ ಮೇಲೆ ಹಿಮ, ಮಂಜುಗಡ್ಡೆ ಇದ್ದಾಗ ಚಳಿಗಾಲದ ಟೈರ್ ಇಲ್ಲದೆ ಕಾರು ಓಡಿಸುವಂತಿಲ್ಲ. 2010ರಿಂದ ಅಲ್ಲಿ ಅದು ಕಾನೂನು. ಹಾಗಾಗಿ ಅಲ್ಲಿನವರು ಅಕ್ಟೋಬರ್ ಬಂದರೆ ಒಂದು ಸೆಟ್ ಬಿಚ್ಚಿಟ್ಟು ಇನ್ನೊಂದು ಸೆಟ್ ಹಾಕುತ್ತಾರೆ. ಕಾರಣ ರಬ್ಬರ್. ಸುಮಾರು 7 ಡಿಗ್ರಿಗಿಂತ ಕೆಳಗೆ ಮಾಮೂಲಿ ಟೈರಿನ ರಬ್ಬರ್ ಬಿಗಿಯಾಗುತ್ತಾ ಹೋಗಿ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಿನ ರಬ್ಬರ್ ಆ ಚಳಿಯಲ್ಲೂ ಮೆತ್ತಗೇ ಇರುತ್ತದೆ.

ಈಗ ನಮ್ಮ ಊರು ನೋಡಿ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ. ಅದೂ 1884ರ ಜನವರಿಯಲ್ಲಿ. ಆಮೇಲೆ ಅಷ್ಟು ಚಳಿ ಬಂದಿಲ್ಲ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಬಿಸಿಲು ಮಾತ್ರ ಬಂತು. ಇಲ್ಲಿ ಚಳಿಗಾಲದ ಟೈರ್ ಹಾಕಿದರೆ ಬಿಸಿ ಡಾಂಬರಿನ ಮೇಲೆ ಬೇಗ ಸವೆಯುತ್ತದೆ, ಬ್ರೇಕ್ ಹಾಕಿದಾಗ ಜಾಸ್ತಿ ದೂರ ಹೋಗಿ ನಿಲ್ಲುತ್ತದೆ. ಎಸ್‌ಯುವಿ ಇರುವವರಿಗೆ ಇನ್ನೊಂದು ಮಾತು. ಟೈರ್ ಮೇಲೆ "ಎಂ+ಎಸ್" ಅಂತ ಬರೆದಿದ್ದರೆ ಅದು ಕೆಸರು, ಹಿಮಕ್ಕೆ ಆಗುತ್ತದೆ ಅಂತ ತಯಾರಕರು ಹಾಕಿಕೊಂಡ ಗುರುತು ಅಷ್ಟೆ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರ ಇದ್ದರೆ ಮಾತ್ರ ಆ ಟೈರನ್ನು ಹಿಮದ ಮೇಲೆ ಪರೀಕ್ಷೆ ಮಾಡಿದ್ದಾರೆ ಅಂತ ಅರ್ಥ. ಕೋರಮಂಗಲದಲ್ಲಿ ಓಡಾಡುವವರಿಗೆ ಎರಡೂ ಬೇಕಾಗಿಲ್ಲ.

ಟೈರಿನ ಮಟ್ಟಿಗೆ ನಮಗಿರುವುದು ಎರಡೇ ಕಾಲ. ಒಣ ರಸ್ತೆ, ಒದ್ದೆ ರಸ್ತೆ. ಒದ್ದೆ ಕಾಲ ನಾವು ಅಂದುಕೊಂಡಿದ್ದಕ್ಕಿಂತ ಉದ್ದ. ಏಪ್ರಿಲ್-ಮೇನಲ್ಲಿ ಸಂಜೆ ಗುಡುಗು ಮಳೆ ಶುರುವಾಗುತ್ತದೆ. ಜೂನ್‌ನಿಂದ ಮುಂಗಾರು. ಸೆಪ್ಟೆಂಬರ್‌ನಲ್ಲಿ ಅತಿ ಹೆಚ್ಚು ಮಳೆ. ಅಕ್ಟೋಬರ್, ನವೆಂಬರ್‌ವರೆಗೂ ಹಿಂಗಾರು ಬಿಡುವುದಿಲ್ಲ. ವರ್ಷದ ಅರ್ಧಕ್ಕಿಂತ ಜಾಸ್ತಿ ಕಾಲ, ಮನೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಮಳೆ ಬರುವ ಊರು ಇದು.

ಇದರಲ್ಲಿ ನನಗೆ ಅತಿ ಭಯ ಜೋರು ಮಳೆಯದ್ದಲ್ಲ. ಏಪ್ರಿಲ್‌ನ ಮೊದಲ ಹತ್ತು ನಿಮಿಷದ ಮಳೆಯದ್ದು. ತಿಂಗಳುಗಟ್ಟಲೆ ರಸ್ತೆ ಮೇಲೆ ಕೂತ ಆಯಿಲ್, ಧೂಳು, ಟೈರಿನ ರಬ್ಬರ್ ಪುಡಿ ಎಲ್ಲಾ ನೀರಿನ ಜೊತೆ ಸೇರಿ ಜಾರುವ ಪದರ ಆಗುತ್ತದೆ. ಜಯನಗರದ ಕಡೆ ಅದೇ ಸಮಯಕ್ಕೆ ಹಳದಿ ಹೂವು ರಸ್ತೆ ತುಂಬಾ ಉದುರಿರುತ್ತದೆ. ನೋಡಲು ಚೆಂದ, ಆದರೆ ನೆನೆದರೆ ಬೈಕಿನವರು ಬೀಳುತ್ತಾರೆ, ಕಾರೂ ಜಾರುತ್ತದೆ. ಮ್ಯಾನ್‌ಹೋಲ್ ಮುಚ್ಚಳ, ಮೆಟ್ರೋ ಕೆಲಸಕ್ಕೆ ಹಾಸಿದ ಕಬ್ಬಿಣದ ಹಲಗೆ, ಜೀಬ್ರಾ ಪಟ್ಟಿಯ ಬಣ್ಣ, ಎಲ್ಲವೂ ಹಾಗೇ.

ಎಕ್ಸ್‌ಎಂ2+ ನನ್ನ ಮನಸ್ಸು ಗೆದ್ದದ್ದು ಇಲ್ಲೇ. ಇದರ ರಬ್ಬರ್‌ನಲ್ಲಿ ಸಿಲಿಕಾ ಬಳಸಿದ್ದಾರೆ. ಸಿಲಿಕಾ ಇದ್ದರೆ ಒದ್ದೆ ರಸ್ತೆಯಲ್ಲಿ ಹಿಡಿತ ಹೆಚ್ಚುತ್ತದೆ, ಉರುಳುವಾಗ ಪೋಲಾಗುವ ಶಕ್ತಿಯೂ ಕಡಿಮೆ ಆಗುತ್ತದೆ. ಓದಿದ್ದು ಬೇರೆ, ಕಾಲಡಿ ಗೊತ್ತಾಗುವುದು ಬೇರೆ. ಹೊಸೂರು ರಸ್ತೆಯಲ್ಲಿ ಮಳೆ ಬರುವಾಗ ಮುಂದಿನ ಆಟೋ ಗಕ್ಕಂತ ನಿಂತರೆ ಹಳೆ ಟೈರಿನಲ್ಲಿ ಚಕ್ರ ಜಾರಿ, ಅದನ್ನು ತಡೆಯುವ ಎಬಿಎಸ್ ಶುರುವಾಗಿ ಬ್ರೇಕ್ ಪೆಡಲ್ ಕಟಕಟ ಅನ್ನುತ್ತಿತ್ತು. ಈ ಟೈರ್ ಹಾಕಿದ ಮೇಲೆ ಅದೇ ರಸ್ತೆಯಲ್ಲಿ, ಅಂಥದ್ದೇ ಬ್ರೇಕಿಗೆ, ಕಾರು ಸದ್ದಿಲ್ಲದೆ ನೆಟ್ಟಗೆ ನಿಲ್ಲುತ್ತದೆ. ಸವೆದ ಟೈರ್ ತೆಗೆದು ಯಾವ ಹೊಸ ಟೈರ್ ಹಾಕಿದರೂ ವ್ಯತ್ಯಾಸ ಕಾಣುತ್ತದೆ, ನಿಜ. ಆದರೆ 40 ಸಾವಿರ ಕಿಲೋಮೀಟರ್ ಹತ್ತಿರ ಬಂದ ಮೇಲೂ ಆ ಧೈರ್ಯ ಉಳಿದಿದೆ. ಅದಕ್ಕೇ ಈ ವಿಮರ್ಶೆಯನ್ನು ಹೊಸದರಲ್ಲಿ ಬರೆಯದೆ ಇಷ್ಟು ದಿನ ಕಾದೆ.

ಶಿರಾಡಿಯಲ್ಲಿ ಜುಲೈ ಮಳೆ ಅಂದರೆ ಬೇರೆಯೇ ಲೋಕ. ತಿರುವಿನಲ್ಲಿ ರಸ್ತೆಗೆ ಅಡ್ಡವಾಗಿ ನೀರು ಹರಿಯುತ್ತಿರುತ್ತದೆ. ಎದುರಿಂದ ಟ್ಯಾಂಕರ್ ಬರುತ್ತಿರುತ್ತದೆ. ಅಲ್ಲಿ ಸ್ಟೀರಿಂಗ್ ಹೇಳಿದ ಕಡೆಗೆ ಕಾರು ಹೋಗಬೇಕು, ಅಷ್ಟೇ ಬೇಕಾಗಿರುವುದು. ಹೋಗುತ್ತದೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಮಾತ್ರ ಒಂದು ಎಚ್ಚರ. ರಸ್ತೆ ಮೇಲೆ ನೀರು ನಿಂತಿದ್ದರೆ, ವೇಗ ಜಾಸ್ತಿ ಇದ್ದರೆ, ಟೈರ್ ನೀರಿನ ಮೇಲೆ ತೇಲುತ್ತದೆ. ಆಗ ಯಾವ ಬ್ರ್ಯಾಂಡೂ ಕಾಪಾಡುವುದಿಲ್ಲ. ನೀರನ್ನು ಹೊರಗೆ ತಳ್ಳುವುದು ಟೈರಿನ ಬಟನ್‌ಗಳ ನಡುವಿನ ತೋಡುಗಳು. ಅವು ಆಳ ಇರಬೇಕು, ನೀವು ನಿಧಾನ ಇರಬೇಕು.

ಆಳದ ಲೆಕ್ಕ ಎಲ್ಲರಿಗೂ ಗೊತ್ತಿರಲಿ. ಹೊಸ ಕಾರ್ ಟೈರಿನಲ್ಲಿ ತೋಡಿನ ಆಳ ಸುಮಾರು 8 ಮಿಲಿಮೀಟರ್. ಕಾನೂನಿನ ಪ್ರಕಾರ 1.6 ಮಿಲಿಮೀಟರ್‌ಗೆ ಇಳಿದರೆ ಬದಲಾಯಿಸಲೇಬೇಕು. ತೋಡಿನ ಒಳಗೆ ಅಡ್ಡಡ್ಡಕ್ಕೆ ಸಣ್ಣ ದಿಬ್ಬಗಳಿರುತ್ತವೆ, ಬಟನ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಮುಗಿಯಿತು. ಆದರೆ ಒದ್ದೆ ರಸ್ತೆಯ ಹಿಡಿತ ಅಲ್ಲಿವರೆಗೂ ಕಾಯುವುದಿಲ್ಲ. 3 ಮಿಲಿಮೀಟರ್ ಆದಾಗಲೇ ಗೊತ್ತಾಗುವಷ್ಟು ಕಡಿಮೆ ಆಗಿರುತ್ತದೆ. ನನ್ನ ಸಲಹೆ, ಏಪ್ರಿಲ್ ಒಳಗೆ ಒಂದು ಸಲ ಅಳೆಸಿ. 3ರ ಹತ್ತಿರ ಇದ್ದರೆ ಮಳೆಗಾಲಕ್ಕೆ ಮೊದಲೇ ಹೊಸದು ಹಾಕಿಸಿ. "ಇನ್ನೊಂದು ಐದು ಸಾವಿರ ಓಡುತ್ತೆ ಸಾರ್" ಅನ್ನುವ ಮಾತು ಬೇಸಿಗೆಯಲ್ಲಿ ಸರಿ, ಆಗಸ್ಟ್‌ನಲ್ಲಿ ಅಲ್ಲ.

ಇನ್ನು ಗುಂಡಿ. ನಮ್ಮಲ್ಲಿ ಬಹಳಷ್ಟು ಟೈರ್ ಸವೆದು ಸಾಯುವುದಿಲ್ಲ, ಏಟು ತಿಂದು ಸಾಯುತ್ತವೆ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸೈಡ್‌ವಾಲ್ (ಟೈರಿನ ಪಕ್ಕದ ಭಾಗ) ಸಿಕ್ಕಿಕೊಂಡಾಗ ಒಳಗಿನ ದಾರಗಳು ಹರಿಯುತ್ತವೆ. ಆಮೇಲೆ ಅಲ್ಲಿ ಬುಗುಟು ಏಳುತ್ತದೆ. ಬುಗುಟು ಎದ್ದ ಟೈರಿಗೆ ರಿಪೇರಿ ಇಲ್ಲ, ಹೆದ್ದಾರಿಯಲ್ಲಿ ಅದು ಯಾವಾಗ ಬೇಕಾದರೂ ಸಿಡಿಯಬಹುದು. ಪಕ್ಕದಲ್ಲಿ ಸೀಳಿದರೂ ಅಷ್ಟೆ, ಪ್ಯಾಚ್ ಹಾಕಿಸಬೇಡಿ. ನನ್ನ ಒಂದು ಟೈರ್ ಹೋದದ್ದು ಹೀಗೇ. ಮಳೆನೀರು ತುಂಬಿದ ರಸ್ತೆಯಲ್ಲಿ, ಕಾಣದಂತೆ ಎದ್ದು ನಿಂತಿದ್ದ ಚರಂಡಿಯ ಕಬ್ಬಿಣದ ಚೌಕಟ್ಟು ಪಕ್ಕವನ್ನು ಸೀಳಿತು. ಆ ಅಂಚಿಗೆ ಯಾವ ಟೈರೂ ಉಳಿಯುತ್ತಿರಲಿಲ್ಲ. ಆದರೂ ಒಂದು ಸಾಮಾನ್ಯ ಮಾತು ನೆನಪಿಡಿ. ಆರಾಮಕ್ಕೆ ಅಂತ ಮಾಡಿದ ಟೈರ್‌ಗಳ ಸೈಡ್‌ವಾಲ್ ಮೆತ್ತಗಿರುತ್ತದೆ. ಹಂಪ್ ಮೇಲೆ ಸುಖ, ಗುಂಡಿಯಲ್ಲಿ ಅಪಾಯ. ದಿನಾ ಕೆಟ್ಟ ರಸ್ತೆಯಲ್ಲೇ ಓಡಾಡುವವರು ಗಟ್ಟಿ ಸೈಡ್‌ವಾಲ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ.

ಒಂದೋ ಎರಡೋ ಹೊಸ ಟೈರ್ ಹಾಕಿಸುವಾಗ ಅಂಗಡಿಯವರು ಸುಮ್ನೆ ಮುಂದಕ್ಕೆ ಹಾಕಿಬಿಡುತ್ತಾರೆ. ಎಂಜಿನ್ ಎಳೆಯುವುದು ಮುಂದಿನ ಚಕ್ರ, ಅಲ್ಲೇ ಒಳ್ಳೇದು ಇರಲಿ ಅಂತ ಅವರ ಲೆಕ್ಕ. ಬೇಡ ಅನ್ನಿ. ಜಾಸ್ತಿ ಬಟನ್ ಇರುವ ಜೋಡಿ ಹಿಂದೆ ಇರಬೇಕು. ಮುಂದಿನ ಚಕ್ರ ಜಾರಿದರೆ ಕಾರು ತಿರುವಿನಲ್ಲಿ ಹೊರಕ್ಕೆ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಹಿಂದಿನ ಚಕ್ರ ಜಾರಿದರೆ ಕಾರೇ ಗಿರ್ರನೆ ತಿರುಗುತ್ತದೆ. ಅದನ್ನು ಸರಿಪಡಿಸುವುದು ನಮ್ಮಂಥವರ ಕೈಲಾಗುವ ಕೆಲಸ ಅಲ್ಲ. ಟೈರ್ ಕಂಪನಿಗಳೂ ಇದನ್ನೇ ಹೇಳುತ್ತವೆ.

ಕಾಂಕ್ರೀಟ್ ಹಾಕಿದ ವೈಟ್ ಟಾಪಿಂಗ್ ರಸ್ತೆಗಳಲ್ಲಿ ಸದ್ದು ಜಾಸ್ತಿ. ಡಾಂಬರಿನ ಮೇಲೆ ಈ ಟೈರ್ ಬಹಳ ಶಾಂತ, ಕಾಂಕ್ರೀಟಿನ ಮೇಲೆ ಯಾವ ಟೈರಾದರೂ ಗುಂಯ್‌ಗುಡುತ್ತದೆ. ಮೈಲೇಜ್‌ನಲ್ಲಿ ನನಗೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕಾಣುವುದೂ ಇಲ್ಲ.

ಹಂಪ್‌ಗೆ ತಳ ತಾಗುತ್ತದೆ ಅಂತ ದೊಡ್ಡ ಟೈರ್ ಹಾಕಿಸುವವರು ಬಹಳ. ಲೆಕ್ಕ ಹಾಕಿ ನೋಡಿ. 185/65 ತೆಗೆದು 195/65 ಹಾಕಿದರೆ ಚಕ್ರದ ವ್ಯಾಸ 13 ಮಿಲಿಮೀಟರ್ ಹೆಚ್ಚುತ್ತದೆ, ಕಾರು ಏಳುವುದು ಅದರ ಅರ್ಧ, ಆರೂವರೆ ಮಿಲಿಮೀಟರ್. ಅಷ್ಟಕ್ಕೆ ಸ್ಪೀಡೋಮೀಟರ್ ಶೇ. 2ರಷ್ಟು ಕಡಿಮೆ ತೋರಿಸಲು ಶುರುಮಾಡುತ್ತದೆ, ಸ್ಟೀರಿಂಗ್ ಭಾರ ಆಗುತ್ತದೆ. ನಾನು ಕಂಪನಿ ಸೈಜ್ ಬಿಟ್ಟು ಹೋಗಿಲ್ಲ. ಸೈಜ್ ಜೊತೆ ಬರುವ 88ಎಚ್ ಥರದ ಗುರುತನ್ನೂ ನೋಡಿ. 88 ಅಂದರೆ ಒಂದು ಟೈರ್ 560 ಕೆ.ಜಿ. ಹೊರುತ್ತದೆ, ಎಚ್ ಅಂದರೆ 210 ಕಿ.ಮೀ. ವೇಗ ತಡೆಯುತ್ತದೆ. ನಿಮ್ಮ ಕಾರಿಗೆ ಹೇಳಿದ್ದಕ್ಕಿಂತ ಕಡಿಮೆಯದು ಬೇಡವೇ ಬೇಡ.

ಗಾಳಿ ವಿಷಯ ನನಗೆ ಬಹಳ ಇಷ್ಟದ್ದು. ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಇರಲಿ. ಬೆಳಗ್ಗೆ ಟೈರ್ ತಣ್ಣಗಿದ್ದಾಗ ನೋಡಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ. ಮಂಗಳೂರಿಗೆ ಇಳಿದರೆ ಹೊರಗಿನ ಒತ್ತಡ ಹೆಚ್ಚುತ್ತದೆ, ಅದರಿಂದ ಗೇಜ್ ಸುಮಾರು ಒಂದೂವರೆ ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆ ತೋರಿಸಬೇಕು. ಆದರೆ ಅಲ್ಲಿ ಸೆಕೆ ಜಾಸ್ತಿ. ಐದಾರು ಡಿಗ್ರಿ ಬಿಸಿ ಏರಿದರೆ ಒಂದು ಪಿಎಸ್‌ಐ ಮೇಲೇರುತ್ತದೆ. ಎರಡೂ ಹೆಚ್ಚುಕಡಿಮೆ ಸರಿಹೋಗುತ್ತವೆ. ಹಾಗಾಗಿ ಘಾಟಿ ಇಳಿದ ತಕ್ಷಣ ಗಾಳಿ ಬಿಡಿಸುವುದು, ಹೊಡೆಸುವುದು ಏನೂ ಬೇಡ. ನೈಟ್ರೋಜನ್‌ಗೆ ದುಡ್ಡು ಕೊಡುವ ಅಗತ್ಯವೂ ಇಲ್ಲ. ಮಾಮೂಲಿ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ, ಅಲ್ವಾ? ತಿಂಗಳಿಗೆ ಎರಡು ಸಲ ಗಾಳಿ ನೋಡುವುದು ಅದಕ್ಕಿಂತ ಉಪಯೋಗ.

ಬೆಲೆ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಅದೇ ಸೈಜಿನ ಭಾರತದ ಬ್ರ್ಯಾಂಡ್‌ಗಳ ಟೈರ್ ಗಣನೀಯವಾಗಿ ಕಡಿಮೆಗೆ ಸಿಗುತ್ತದೆ. 2020ರಲ್ಲಿ ಟೈರ್ ಆಮದಿನ ಮೇಲೆ ನಿರ್ಬಂಧ ಬಂದಿದೆ, ಹಾಗಾಗಿ ಹೊರದೇಶದಲ್ಲಿ ತಯಾರಾದದ್ದೇ ಬೇಕು ಅಂತ ಹಟ ಹಿಡಿದು ಹಳೆ ಸ್ಟಾಕ್ ಕೊಳ್ಳಬೇಡಿ. ಇಲ್ಲಿಯೇ ತಯಾರಾಗುವ ಟೈರ್‌ಗಳ ಬಗ್ಗೆ ಕೀಳರಿಮೆ ಬೇಕಿಲ್ಲ. ನಮ್ಮ ಮೈಸೂರಿನಲ್ಲೇ ವಿಕ್ರಾಂತ್ ಕಾರ್ಖಾನೆ ಇತ್ತು, 1997ರಲ್ಲಿ ಜೆಕೆ ಟೈರ್ ಅದನ್ನು ತೆಗೆದುಕೊಂಡಿತು. ಈಗ ಒದ್ದೆ ರಸ್ತೆಯ ಹಿಡಿತ, ಉರುಳುವಾಗ ಪೋಲಾಗುವ ಶಕ್ತಿ, ಸದ್ದು ಮೂರಕ್ಕೂ ಕೇಂದ್ರದ ಎಐಎಸ್-142 ಮಾನದಂಡ ಇದೆ. ಇಡೀ ದಿನ ಓಡಿಸುವ ಕ್ಯಾಬ್‌ನವರಿಗೆ ಜಾಸ್ತಿ ಬಾಳುವ ಗಟ್ಟಿ ರಬ್ಬರ್ ಟೈರ್ ಸರಿ, ಅವರ ಹೊಟ್ಟೆಪಾಡು ಅದು. ವರ್ಷಕ್ಕೆ ಹತ್ತು ಸಾವಿರ ಓಡಿಸುವ ಮನೆ ಕಾರಿಗೆ ಲಕ್ಷ ಕಿಲೋಮೀಟರ್ ಬಾಳುವ ಟೈರ್ ಯಾಕೆ? ಸವೆಯುವ ಮೊದಲೇ ರಬ್ಬರ್ ಮುದಿಯಾಗುತ್ತದೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತೋರಿಸಿ. ಸಣ್ಣ ಬಿರುಕು ಕಂಡರೆ ಬದಲಾಯಿಸಿ.

ಜೆಸಿ ರೋಡ್‌ನಲ್ಲಾಗಲಿ, ನಿಮ್ಮ ಏರಿಯಾದಲ್ಲಾಗಲಿ, ಎರಡು ಮೂರು ಅಂಗಡಿಯಲ್ಲಿ ಬೆಲೆ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಬಿಲ್‌ನಲ್ಲಿ ಅದು ಕಾಣಬೇಕು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2325 ಅಂತ ಇದ್ದರೆ 2025ರ 23ನೇ ವಾರ ತಯಾರಾದದ್ದು. ಕಾರಿಗೆ ಹಾಕುವ ಮೊದಲೇ ನಾಲ್ಕೂ ಟೈರಿನಲ್ಲಿ ಅದನ್ನು ನೋಡಿ, ಹಾಕಿದ ಮೇಲೆ ಆ ಬದಿ ಒಳಗೆ ಹೋಗಿರಬಹುದು. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಬೆಲೆಯಲ್ಲೇ ಸೇರಿದೆಯಾ ಅಂತ ಮೊದಲೇ ಮಾತಾಡಿಕೊಳ್ಳಿ. ನಾಲ್ಕೂ ಟೈರಿನ ಸೀರಿಯಲ್ ನಂಬರ್ ಬಿಲ್‌ನಲ್ಲಿ ಬರೆಸಿ. ವಾರಂಟಿ ಕೇಳಲು ಹೋದಾಗ ಅದನ್ನೇ ಮೊದಲು ಕೇಳುತ್ತಾರೆ.